ನಾನು ನೋಡದೆ ಬರೆದ ಮನೆ

ರೂಪಾ, ನಿನ್ನ ಅಜ್ಜಿ, ನಿನ್ನ ಆಯಿಯ ಮನೆಗೆ ನಾನು ಹೋಗಿರಲಿಲ್ಲ. ಹೋಗಿ ನೋಡಿದೆ ಎಂದು ಸುಳ್ಳು ವರದಿ ಬರೆದೆ. ಆ ಸುಳ್ಳಿನಿಂದಲೇ ನೀನು ಪರರ ಮನೆ ಸೇರಿದೆ.

ಆಗ ನಿನಗೆ ಒಂಬತ್ತು ವರ್ಷ. ತಾಯಿ ತೀರಿಕೊಂಡ ಮೇಲೆ, ಬೋರಗಾಂವದಲ್ಲಿ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ ನಿನ್ನಪ್ಪ ಕುಡಿದು ಬಂದು ನಿನ್ನನ್ನು ಹೊಡೆಯುತ್ತಿದ್ದ. ಬೆನ್ನ ಮೇಲಿನ ಬಾಸುಂಡೆ ನೋಡಿ ಶಾಲೆಯವರು ನಮ್ಮ ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಿದರು. ಇಂಥ ಮಕ್ಕಳನ್ನು ಸಂಬಂಧಿಕರು ಯಾರಾದರೂ ಸಾಕಬಲ್ಲರೇ ಎಂದು ಮನೆ ನೋಡಿ ಬರೆಯುವುದೇ ನನ್ನ ಕೆಲಸ. ಯಾರ ಹತ್ತಿರ ಇರುತ್ತೀ ಎಂದು ಕೇಳಿದ್ದಕ್ಕೆ ನೀನು, "ನಿಪ್ಪಾಣಿ ಆಯಿ ಹಂತೇಕ" ಅಂದಿದ್ದೆ. ಬೇರೆ ಯಾವ ಪ್ರಶ್ನೆಗೂ ಬಾಯಿ ಬಿಟ್ಟಿರಲಿಲ್ಲ.

ನಿಪ್ಪಾಣಿಯವರೆಗೂ ಹೋದೆ. ಓಣಿಯ ತುದಿಯ ಅಂಗಡಿಯವನು, "ಮುದುಕಿ ಕಟ್ಟಿದ ಬೀಡಿ ಕೊಡಾಕ ಹೋಗ್ಯಾಳ್ರಿ, ಒಂದ ತಾಸಿನ್ಯಾಗ ಬರ್ತಾಳ" ಎಂದ. ಒಂದೇ ತಾಸು. ಬಿಸಿಲಿತ್ತು, ವಾಪಸು ಹೋಗುವ ಚಿಕ್ಕೋಡಿ ಬಸ್ಸು ಹೊರಡುವುದರಲ್ಲಿತ್ತು — ಹತ್ತಿಬಿಟ್ಟೆ. ಬಸ್ಸಿನಲ್ಲಿ ಕೂತೇ ಬರೆದೆ: ಒಂದೇ ಕೋಣೆ, ತಂಬಾಕಿನ ಧೂಳು, ಅಜ್ಜಿಗೆ ಮಗುವನ್ನು ಸಾಕುವ ಶಕ್ತಿ ಇಲ್ಲ, ಮನಸ್ಸೂ ಇಲ್ಲ. ಬೀಡಿ ಕಟ್ಟುವವರ ಮನೆ ಹೇಗಿರುತ್ತದೆಂದು ನೋಡದೆಯೇ ಗೊತ್ತು ಎಂಬ ಸೊಕ್ಕು ನನಗಿತ್ತು. ಆದರೆ "ಮನಸ್ಸೂ ಇಲ್ಲ" ಎಂದು — ಅದನ್ನು ಯಾಕೆ ಬರೆದೆ?

ನಿನ್ನನ್ನು ಬೇರೆ ಜಿಲ್ಲೆಯ, ಗುರುತಿಲ್ಲದ ಕುಟುಂಬಕ್ಕೆ ಒಪ್ಪಿಸಲಾಯಿತು. ವಾರದ ನಂತರ ಆಯಿ ಕಚೇರಿಗೆ ಬಂದಳು.

"ಬಾಯಾರ, ನೀವು ನಮ್ಮ ಮನಿಗಿ ಯಾವಾಗ ಬಂದಿದ್ರಿ?"

"ಬಂದಿದ್ದೆ. ನೀವು ಇರಲಿಲ್ಲ."

ಅವಳು ತಲೆ ತಗ್ಗಿಸಿದಳು. "ಹಂಗಾರ ನಂದ ತಪ್ಪಾತ್ರಿ. ಕೂಸು ಹೊಟ್ಟಿತುಂಬ ಉಣ್ತೈತೇನ್ರಿ?"

ನಿನ್ನ ವಿಳಾಸ ಕೇಳಿದಳು. ಕೊಡಲು ಬರುವುದಿಲ್ಲ ಎಂದೆ. ಅವಳು ಮತ್ತೆ ಬರಲಿಲ್ಲ.

ನಿನ್ನನ್ನು ಸಾಕಿದವರು ಒಳ್ಳೆಯವರು, ಓದಿಸಿದರು, ಒಮ್ಮೆಯೂ ಕೈ ಎತ್ತಲಿಲ್ಲ. ಹನ್ನೊಂದು ವರ್ಷ ನಾನು ಅದರಲ್ಲೇ ಸಮಾಧಾನ ಕಂಡುಕೊಂಡೆ — ಕೆಟ್ಟದ್ದೇನೂ ಆಗಲಿಲ್ಲವಲ್ಲ ಎಂದು. ಕಳೆದ ತಿಂಗಳು ನರ್ಸಿಂಗ್ ಕಾಲೇಜಿಗೆ ಬೇಕಾದ ಕಾಗದಕ್ಕಾಗಿ ನೀನು ಕಚೇರಿಗೆ ಬಂದಾಗ, ಆಯಿಯನ್ನು ಭೇಟಿಯಾದೆಯಾ ಎಂದು ನಾನು ಕೇಳಿದೆ.

"ಯಾಕ ಹೋಗ್ಲಿ ಮೇಡಂ? ಆಕಿಗಿ ನಾ ಬ್ಯಾಡಾಗಿದ್ನಿ. ಫೈಲಿನ್ಯಾಗ ಬರದೈತಲ್ರಿ."

ಕಾಗದಕ್ಕೆಂದು ತೆಗೆಸಿದ ಫೈಲಿನಲ್ಲಿ ನನ್ನ ಅಕ್ಷರಗಳನ್ನು ನೀನು ಓದಿದ್ದೆ. ಆಗಲೇ ಹೇಳಬೇಕಿತ್ತು — ನಿನ್ನ ಕಾಗದ ಕೊಟ್ಟು ಕಳಿಸಿಬಿಟ್ಟೆ.

ಮೊನ್ನೆ ಆ ಓಣಿಗೆ ಹೋದೆ. ಎರಡು ಕೋಣೆಗಳ ಚೊಕ್ಕ ಮನೆ. ಆಯಿಗೆ ಕಣ್ಣು ಮಂಜಾಗಿದೆ. ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. "ನನಗ ಹೇಳಿ ಏನ್ ಉಪಯೋಗ್ರಿ? ಆಕಿಗಿ ಹೇಳ್ರಿ" ಎಂದು ಒಳಗೆ ಎದ್ದು ಹೋದಳು.

ಆ ವರದಿ ಸುಳ್ಳೆಂದು ಕಚೇರಿಗೆ ಬರೆದುಕೊಟ್ಟಿದ್ದೇನೆ. ಅವರು ಕೊಡುವ ಶಿಕ್ಷೆ ಕೊಡಲಿ. ಭಾನುವಾರ ಈ ಪತ್ರ ಹಿಡಿದು ನಿನ್ನ ಹಾಸ್ಟೆಲಿಗೆ ಬರುತ್ತೇನೆ. ಓದಿ ಮುಗಿಸುವ ತನಕ ಎದುರಿಗೇ ನಿಂತಿರುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ.

ಆಯಿ ನಿನ್ನನ್ನು ಬೇಡ ಅನ್ನಲಿಲ್ಲ, ರೂಪಾ. ಅವಳನ್ನು ಯಾರೂ ಕೇಳಲೇ ಇಲ್ಲ.