ಹೆಂಡತಿಗೂ ಹೇಳಬಾರದ ಸ್ವಿಚ್ಚು

1998ರಲ್ಲಿ ನಾನು ಬೇಲೂರಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಅರಸೀಕೆರೆಯಲ್ಲಿ ಕೊಬ್ಬರಿ ಲಾರಿಗಳ ವೈರಿಂಗ್ ಮಾಡುತ್ತಾ ಹನ್ನೊಂದು ವರ್ಷ ಕಳೆದು, ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ತೆರೆದು ಮೂರು ವರ್ಷವಾಗಿತ್ತು. ಫೋನ್ ಇರಲಿಲ್ಲ. ಪಕ್ಕದ ಎಸ್‌ಟಿಡಿ ಬೂತಿನ ನಂಬರಿನ ಮುಂದೆ, ಪಕ್ಕದವರ ಫೋನು ಎಂದು ತಿಳಿಯಲು, 'ಪಿಪಿ' ಎಂದು ಸೇರಿಸಿ ಸ್ಟಿಕ್ಕರ್ ಮಾಡಿಸಿ, ನಾನು ಮುಟ್ಟಿದ ಗಾಡಿಗಳ ಗಾಜಿಗೆಲ್ಲ ಅಂಟಿಸುತ್ತಿದ್ದೆ. ಫೋನ್ ಬಂದಾಗ ಬೂತಿನವನು ಗೊಣಗುತ್ತಲೇ ನನ್ನನ್ನು ಕೂಗಿ ಕರೆಯುತ್ತಿದ್ದ.

ಆಗ ನಮ್ಮ ಕಡೆ ಜೀಪು, ಕಾರುಗಳ ಕಳ್ಳತನ ಶುರುವಾಗಿತ್ತು. ಹಳೇಬೀಡಿನಲ್ಲಿ ಟೂರಿಸ್ಟ್ ಕಾರಿನ ಡ್ರೈವರು ಊಟ ಮುಗಿಸಿ ಬರುವಷ್ಟರಲ್ಲಿ ಕಾರು ಮಾಯ. ಹಳೇ ಗಾಡಿಗಳ ಇಗ್ನಿಷನ್ ವೈರು ಎರಡನ್ನು ಸೇರಿಸಿದರೆ ಕೀ ಬೇಡ. ಇದಕ್ಕೆ 'ಡೈರೆಕ್ಟ್ ಮಾಡುವುದು' ಅನ್ನುತ್ತಾರೆ. ಇದಕ್ಕೆ ನಾನು ಕಂಡುಕೊಂಡ ಮದ್ದು ಬ್ಯಾಟರಿ ಸ್ವಿಚ್. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ಕೇಬಲ್ಲನ್ನು ಮಧ್ಯೆ ಕತ್ತರಿಸಿ, ಗಾಡಿಯೊಳಗೆ ಯಾರಿಗೂ ಕಾಣದ ಕಡೆ ದಪ್ಪ ಸ್ವಿಚ್ಚೊಂದನ್ನು ಕೂರಿಸುತ್ತಿದ್ದೆ. ಅದನ್ನು ಆಫ್ ಮಾಡಿದರೆ ಸ್ಟಾರ್ಟರಿಲ್ಲ, ಹಾರ್ನಿಲ್ಲ, ಲೈಟಿಲ್ಲ. ಬಾನೆಟ್ ಎತ್ತಿದರೂ ಟರ್ಮಿನಲ್ ಬಿಗಿಯಾಗಿಯೇ ಕಾಣುತ್ತದೆ. ಡೀಸೆಲ್ ಗಾಡಿಯನ್ನು ತಳ್ಳಿಯಾದರೂ ಸ್ಟಾರ್ಟ್ ಮಾಡಬಹುದು. ಪೆಟ್ರೋಲ್ ಗಾಡಿಗೆ ಕರೆಂಟಿಲ್ಲದೆ ಕಿಡಿಯೇ ಹುಟ್ಟುವುದಿಲ್ಲ.

ಸ್ವಿಚ್ ಎಲ್ಲಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಮಾಲೀಕನಿಗೆ ಎದುರೆದುರೇ ಹೇಳುವುದು ಬಿಟ್ಟರೆ ಬೇರೆ ಯಾರಿಗೂ, ಯಾವ ಕಾರಣಕ್ಕೂ ಹೇಳುವುದಿಲ್ಲ ಎಂಬ ನಿಯಮ ಮಾಡಿಕೊಂಡಿದ್ದೆ. ಒಮ್ಮೆ ಹಗರೆಯ ಗಿರಾಕಿಯೊಬ್ಬರ ತಮ್ಮ ಎಂದು ಹೇಳಿಕೊಂಡು ಯಾರೋ ಫೋನ್ ಮಾಡಿ ಜಾಗ ಕೇಳಿದ. ನಾನು ಹೇಳಲಿಲ್ಲ. ಆಮೇಲೆ ವಿಚಾರಿಸಿದರೆ ಅವರಿಗೆ ತಮ್ಮನೇ ಇರಲಿಲ್ಲ. ಅಂದಿನಿಂದ ನನ್ನ ನಿಯಮದ ಮೇಲೆ ನನಗೆ ಇನ್ನಷ್ಟು ಜಂಬ ಬಂತು.

ಬಿಕ್ಕೋಡಿನ ಹತ್ತಿರ ಸಣ್ಣ ಕಾಫಿ ತೋಟವಿದ್ದ ರುದ್ರಪ್ಪನವರು ತಮ್ಮ ಪೆಟ್ರೋಲ್ ಜೀಪಿಗೆ ಸ್ವಿಚ್ ಹಾಕಿಸಲು ನನ್ನನ್ನು ಮನೆಗೇ ಕರೆಸಿದರು. ಅವರು ನನಗಿಂತ ಒಂದು ಕೈ ಮೇಲು. ಕೆಲಸ ಶುರುವಾಗುವ ಮೊದಲೇ ಮನೆಯ ಬಾಗಿಲು ಹಾಕಿಸಿ, "ನಮ್ಮ ಮನೆಯವಳಿಗೂ ಹೇಳಕೂಡ್ದು ಕಣ್ರೀ" ಎಂದರು. "ದೇವರಾಣೆ ಹೇಳಲ್ಲ" ಎಂದೆ. ಅದು ತಪ್ಪು ಎಂದು ಇಬ್ಬರಿಗೂ ಅನಿಸಲಿಲ್ಲ. ನಡುವೆ ಅವರೇ ಒಳಗಿನಿಂದ ಕಾಫಿ ತಂದರು. ಹೊಟ್ಟೆ ಹುಣ್ಣಿನಿಂದ ನಾನು ಕಾಫಿ ಬಿಟ್ಟಿದ್ದೆ. ಕಾಫಿ ತೋಟದವರ ಮನೆಯಲ್ಲಿ ಕಾಫಿ ಬೇಡ ಅಂದದ್ದಕ್ಕೆ ಅವರು ನನ್ನನ್ನೇ ಅನುಮಾನದಿಂದ ನೋಡಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬೇರೇನೋ ಬಂತು, ಕುಡಿದೆ. ಅದನ್ನು ಕಳಿಸಿದ ಮನೆಯಾಕೆಯ ಮುಖ ಮಾತ್ರ ಆವತ್ತು ನೋಡಲಿಲ್ಲ.

ಇದಾಗಿ ನಾಲ್ಕು ತಿಂಗಳಾಗಿರಬೇಕು. ಬೆಳಗ್ಗೆ ಹತ್ತರ ಸುಮಾರಿಗೆ ಬೂತಿನವನು ಕೂಗಿದ. ಫೋನಿನಲ್ಲಿ ಒಬ್ಬ ಗಂಡಸು, ಏದುಸಿರು ಬಿಡುತ್ತಿದ್ದ.

"ಸಾಮಿ, ನಾನು ರುದ್ರಪ್ಪನೋರ ತೋಟದ ತಿಮ್ಮಯ್ಯ. ಯಜಮಾನ್ರಿಗೆ ಹೆಜ್ಜೇನು ಹೊಡ್ದೈತೆ. ಮಖ ಎಲ್ಲಾ ಊದ್ಕೊಂಡು ಗ್ಯಾನ ತಪ್ಪೈತೆ. ಬಸ್ಸು ಈಗಿನ್ನೂ ಹೋಯ್ತು. ಜೀಪಿಗೆ ಜೀವನೇ ಇಲ್ಲ. ಅದ್ಯಾವುದೋ ಸ್ವಿಚ್ಚಂತಲ್ಲ, ಎಲ್ಲೈತೆ ಹೇಳಿ."

ನನಗೆ ಹಗರೆಯ ಸುಳ್ಳು ತಮ್ಮ ನೆನಪಾದ. ನನ್ನ ನಂಬರು ಜೀಪಿನ ಗಾಜಿನ ಮೇಲೇ ಇದೆ. ಪಕ್ಕದಲ್ಲಿ ನಿಂತ ಯಾರು ಬೇಕಾದರೂ ಓದಿಕೊಂಡು ಫೋನ್ ಮಾಡಬಹುದು. "ಯಜಮಾನರನ್ನು ಬಿಟ್ಟು ಯಾರಿಗೂ ಹೇಳಲ್ಲ" ಎಂದೆ.

"ಯಜಮಾನ್ರಿಗೆ ಮಾತೇ ಇಲ್ಲ ಅಂತೀನಲ್ಲ ಸಾಮಿ."

"ಅವರ ಮನೆಯವರಿಗೆ ಕೊಡಿ."

ಫೋನ್ ಕೈ ಬದಲಾಯಿತು. "ನಾನು ಗೌರಮ್ಮ. ಬೇಗ ಹೇಳಿ ಅಣ್ಣ" ಎಂದಿತು ಒಂದು ಹೆಣ್ಣುದನಿ. ಆ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಕಳ್ಳರ ಜೊತೆ ಹೆಂಗಸೂ ಇರಬಾರದೆಂದೇನಿಲ್ಲ. ಹೇಳಿಬಿಟ್ಟರೆ ಜೀಪು ಹೋಗಬಹುದು, ಹೇಳದಿದ್ದರೆ ಮನುಷ್ಯನೇ ಹೋಗಬಹುದು. ಬೂತಿನಲ್ಲಿ ಸರದಿ ನಿಂತಿದ್ದ ನಾಲ್ಕೈದು ಜನ ನನ್ನನ್ನೇ ನೋಡುತ್ತಿದ್ದರು. ಆಗ ಹೊಳೆದದ್ದು ಒಂದೇ ಪ್ರಶ್ನೆ.

"ಅಮ್ಮಾ, ನಾನು ಕಾಫಿ ಬೇಡ ಅಂದಾಗ ನೀವು ಏನು ಕೊಟ್ಟು ಕಳಿಸಿದ್ರಿ?"

ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. "ರಾಗಿ ಅಂಬಲಿ ಕೊಟ್ಟೆ. ಕಮ್ಮಿ ಅಂತ ಉಪ್ಪು ಇಸ್ಕೊಂಡ್ರಿ. ಇಲ್ಲಿ ಇವರ ಉಸಿರು ಹೋಯ್ತಾ ಐತೆ. ಇನ್ನೇನು ಕೇಳ್ಬೇಕು, ಕೇಳಿ."

ನಾನು ಇನ್ನೇನೂ ಕೇಳಲಿಲ್ಲ. "ಡ್ರೈವರ್ ಸೀಟಿನ ಹಿಂದೆ ಟೂಲ್ ಬಾಕ್ಸ್ ಇದೆ. ಅದರ ತಳದ ರೆಕ್ಸಿನ್ ಎತ್ತಿ ಕೈ ಹಾಕಿ, ಬಲಕ್ಕೆ ತಿರುಗಿಸಿ" ಎಂದು ಇಡೀ ಬೂತಿಗೆ ಕೇಳುವ ಹಾಗೆ ಕೂಗಿದೆ. ಅತ್ತ ಯಾರೋ ಓಡಿದರು. ರಿಸೀವರ್ ಹಾಗೇ ಬಿಟ್ಟಿದ್ದರಿಂದ ಅಂಗಳದ ಗಲಾಟೆ ಕೇಳುತ್ತಿತ್ತು. ಆ ಗಲಾಟೆಯ ನಡುವೆ ಜೀಪು ಸ್ಟಾರ್ಟ್ ಆದ ಸದ್ದು ಕೇಳಿದ ಮೇಲೆ ನಾನು ರಿಸೀವರ್ ಇಟ್ಟೆ.

ಅಂಗಡಿಯ ಶಟರ್ ಎಳೆದು ಬೇಲೂರಿನ ಆಸ್ಪತ್ರೆಗೆ ಹೋದೆ. ತಿಮ್ಮಯ್ಯ ಜೀಪು ಓಡಿಸಿಕೊಂಡು ಬಂದಿದ್ದ. ಇಂಜೆಕ್ಷನ್ ಕೊಟ್ಟ ಡಾಕ್ಟರು ಹೊರಗೆ ಬಂದು, "ಇನ್ನು ಹತ್ತು ನಿಮಿಷ ತಡವಾಗಿದ್ದರೆ ನನ್ನ ಕೈಲಿ ಏನೂ ಇರ್ತಿರಲಿಲ್ಲ" ಎಂದರು. ಆ ಹತ್ತರಲ್ಲಿ ನನ್ನ ಪ್ರಶ್ನೆಗಳು ಎಷ್ಟು ನಿಮಿಷ ತಿಂದಿದ್ದವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ತಲೆ ತಗ್ಗಿಸಿದೆ. ಗೌರಮ್ಮನವರ ಮುಖ ಮೊದಲ ಬಾರಿ ನೋಡಿದ್ದು ಅಲ್ಲೇ. ಬೈಯುತ್ತಾರೆ ಎಂದುಕೊಂಡೆ. "ನೀವು ಹೇಳಿದ್ದಕ್ಕೆ ಬದುಕಿದ್ರು ಅಣ್ಣ" ಎಂದು ಕೈ ಮುಗಿದುಬಿಟ್ಟರು. ಬೈದಿದ್ದರೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹದಿನೈದು ದಿನದ ಮೇಲೆ ರುದ್ರಪ್ಪನವರು ಮತ್ತೆ ಕರೆಸಿದರು. ಮುಖದ ಊತ ಇಳಿದಿತ್ತು, ಬಿಗುಮಾನವೂ ಇಳಿದಿತ್ತು. "ಅರ್ಧ ಬೇಲೂರಿಗೆ ಸ್ವಿಚ್ಚಿನ ಜಾಗ ಸಾರಿಬಿಟ್ಟಿದ್ದೀರಿ. ಬೇರೆ ಕಡೆ ಹಾಕಿ. ಎಲ್ಲಿ ಅಂತ ಈ ಸಲ ಇವಳೇ ಹೇಳ್ಲಿ" ಎಂದರು. ಗೌರಮ್ಮನವರು ಜೀಪನ್ನು ಎರಡು ಸುತ್ತು ಹಾಕಿ ಒಂದು ಜಾಗ ತೋರಿಸಿದರು. ನನಗೆ ಅಷ್ಟು ವರ್ಷದಲ್ಲಿ ಹೊಳೆಯದ ಜಾಗ. ಯಜಮಾನರು ನೋಡಲು ಬಗ್ಗಿದಾಗ, "ನಿಮಗೆ ಆಮೇಲೆ ಹೇಳ್ತೀನಿ, ಈಗ ಒಳಗೆ ನಡೀರಿ" ಎಂದರು. ಅವರು ನಗುತ್ತಾ ಒಳಗೆ ಹೋದರು. ಕೆಲಸ ಮುಗಿದ ಮೇಲೆ ಗೌರಮ್ಮನವರು ಅಂಬಲಿಯ ಲೋಟ ನನ್ನ ಮುಂದಿಟ್ಟು, "ಉಪ್ಪು ಈಗಲೇ ನೋಡ್ಕೊಳ್ಳಿ. ಫೋನಿನಲ್ಲಿ ಕೇಳ್ಬೇಡಿ" ಎಂದರು.

ಅಲ್ಲಿಂದ ಮುಂದೆ, ಅಂಗಡಿ ಮುಚ್ಚುವವರೆಗೂ, ಮನೆಯ ಇನ್ನೊಬ್ಬರು ಬಂದು ಪಕ್ಕದಲ್ಲಿ ನಿಲ್ಲದೆ ನಾನು ಒಂದು ಗಾಡಿಗೂ ಸ್ವಿಚ್ ಹಾಕಲಿಲ್ಲ. ಒಪ್ಪದ ಗಿರಾಕಿಗಳನ್ನು ವಾಪಸು ಕಳಿಸಿದ್ದೂ ಉಂಟು. ನೀನು ಎಷ್ಟೋ ಗಾಡಿ ಉಳಿಸಿದೆ ಎಂದು ಜನ ಈಗಲೂ ಹೇಳುತ್ತಾರೆ, ಕೇಳಲು ಹಿತವಾಗಿಯೇ ಇರುತ್ತದೆ. ಆದರೆ ನನ್ನ ಸ್ವಿಚ್ಚಿನಿಂದ ಒಬ್ಬ ಮನುಷ್ಯ ಸಾಯದ ಹಾಗೆ ನೋಡಿಕೊಂಡವರು ಗೌರಮ್ಮನವರು. ಯಾರೆಂದೇ ಗೊತ್ತಿಲ್ಲದ ಕೆಲಸಗಾರನೊಬ್ಬ ಕಾಫಿ ಕುಡಿಯಲಿಲ್ಲವೆಂದು ಅಂಬಲಿ ಕಾಯಿಸಿದ ಅವರ ಋಣ ನನ್ನ ಮೇಲಿದೆ.