ಶಾಕಮ್ಮನ ನರಪುರಾಣ

ನಮ್ಮ ಅತ್ತಿಗೆಗೆ ಶಾಕಮ್ಮ ಎಂದು ಹೆಸರಿಟ್ಟವಳು ನಾನೇ. ನಾದಿನಿಯಾದ ಮೇಲೆ ಅಷ್ಟೂ ಅಧಿಕಾರ ಬೇಡವೇ? ವಯಸ್ಸಿನಲ್ಲಿ ನನಗಿಂತ ಕಿರಿಯಳು, ಹಾಗಾಗಿ ಏಕವಚನವೂ ನನ್ನದೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳು ಗುಡುಗುಡು ಎನ್ನುವ ಕೋಣೆಯ ಪಕ್ಕ ಕುಳಿತು, ಬಂದವರ ಕೈಕಾಲಿಗೆ ಸಣ್ಣ ಸಣ್ಣ ಕರೆಂಟು ಶಾಕ್ ಕೊಡುವುದು ಅವಳ ಉದ್ಯೋಗ. ಮೊಣಕೈ ಹತ್ತಿರ ಚುರುಕ್ ಎನಿಸುತ್ತಾಳೆ. ಆ ಸುದ್ದಿ ನರದಲ್ಲಿ ಓಡಿ ಹೆಬ್ಬೆರಳಿನ ಬುಡ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ಪರದೆಯ ಮೇಲೆ ನೋಡುತ್ತಾಳೆ. ಹೆದರಿ ಬಂದವರನ್ನು ಮೊದಲು ಮಾತಿಗೆಳೆಯುತ್ತಾಳೆ. ಅವರು ಸೊಸೆಯ ಮೇಲೆ ದೂರು ಹೇಳುತ್ತಿರುವಾಗಲೇ ಗುಂಡಿ ಒತ್ತಿಬಿಡುತ್ತಾಳೆ. ಎಷ್ಟೋ ದೂರುಗಳು ಹಾಗೆ ಅರ್ಧಕ್ಕೇ ನಿಂತಿವೆ.

ಸಂಜೆ ಮನೆಗೆ ಬಂದು ಚಹಾ ಲೋಟ ಹಿಡಿದು ಕೂತರೆ ಅವಳ ನರಪುರಾಣ ಶುರು. ನರವೆಂದರೆ ಕರೆಂಟಿನ ತಂತಿ ಅಲ್ಲವಂತೆ. ಒಳಗೊಂದು ಬಗೆಯ ಉಪ್ಪು, ಹೊರಗೊಂದು ಬಗೆಯ ಉಪ್ಪು, ನಡುವೆ ತೆಳ್ಳನೆಯ ಗೋಡೆ, ಗೋಡೆಯ ಉದ್ದಕ್ಕೂ ಪುಟ್ಟ ಬಾಗಿಲುಗಳು. ಒಂದು ಕಡೆ ಚುಚ್ಚಿದರೆ ಅಲ್ಲಿನ ಬಾಗಿಲು ತೆರೆದು ಹೊರಗಿನ ಉಪ್ಪು ಒಳಗೆ ನುಗ್ಗುತ್ತದೆ. ಆ ಗಲಾಟೆಗೆ ಮುಂದಿನ ಬಾಗಿಲೂ ತೆರೆಯುತ್ತದೆ. ಹೀಗೆ ಬಾಗಿಲಿಂದ ಬಾಗಿಲಿಗೆ ಸುದ್ದಿ. ನಮ್ಮ ಬೀದಿಯಲ್ಲೂ ಹಾಗೇ ಎಂದೆ ನಾನು. ಬೀದಿಯಲ್ಲಾದರೆ ಸುದ್ದಿ ಹೋಗುತ್ತಾ ಹೋಗುತ್ತಾ ಬೆಳೆಯುತ್ತದೆ, ನರದಲ್ಲಿ ಬೆಳೆಯುವುದೂ ಇಲ್ಲ ಸವೆಯುವುದೂ ಇಲ್ಲ ಎಂದಳು. ಹೊರಟರೆ ಪೂರ್ತಿ, ಇಲ್ಲವಾದರೆ ಇಲ್ಲವೇ ಇಲ್ಲ. ನೋವು ಜಾಸ್ತಿಯಾದರೆ ಅದು ದನಿ ಏರಿಸುವುದಿಲ್ಲ, ಮತ್ತೆ ಮತ್ತೆ ಕರೆಯುತ್ತದೆ ಅಷ್ಟೇ. ಕೊನೆಗೆ ನರದ ತುದಿಗೂ ಸ್ನಾಯುವಿಗೂ ನಡುವೆ ಕಣ್ಣಿಗೆ ಕಾಣದ ಸಂದು. ಅಲ್ಲಿ ನರ ಚಿಟಿಕೆಯಷ್ಟು ರಸ ಚೆಲ್ಲುತ್ತದೆ, ಅದು ತಾಗಿದರೆ ಸ್ನಾಯು ಮಿಡಿಯುತ್ತದೆ. ಇಷ್ಟೆಲ್ಲ ರಾಮಾಯಣ ನಡೆದ ಮೇಲೆ ನಾನು ಕೈಚಾಚಿ ಇನ್ನೊಂದು ಬಿಸ್ಕತ್ತು ತೆಗೆದುಕೊಳ್ಳುವುದು.

ಈ ಪುರಾಣಕ್ಕೆ ತಲೆಯಾಡಿಸುತ್ತಾ ಸುಮ್ಮನೆ ಕೂರುವವನು ನಮ್ಮಣ್ಣ, ಅಂದರೆ ಅವಳ ಗಂಡ. ಅಣ್ಣ ದರ್ಜಿ, ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ದಿನ ಬಿಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಸೂಜಿ ಬೆರಳಿಗೆ ಚುಚ್ಚಿದ್ದು ಅವನಿಗೆ ತಿಳಿದದ್ದು ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಾಗ. ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿದು ತಿಂಗಳುಗಳಾಗಿದ್ದವು. ಪುಣ್ಯಾತ್ಮ ಯಾರಿಗೂ ಹೇಳಿರಲಿಲ್ಲ.

ಅತ್ತಿಗೆ ಅವನನ್ನು ನೆಲಮಾಳಿಗೆಗೆ ಎಳೆದುಕೊಂಡು ಹೋದಳು. ಹೆಂಡತಿ ಕೈಯಲ್ಲಿ ಶಾಕ್ ಹೊಡೆಸಿಕೊಳ್ಳಲು ಇಷ್ಟು ದೂರ ಬರಬೇಕಾ, ಮನೆಯಲ್ಲೇ ದಿನಾ ಸಿಗುತ್ತದಲ್ಲ ಎಂದು ಗೊಣಗುತ್ತಲೇ ಅಣ್ಣ ಕೈ ಚಾಚಿದ. ಮೊಣಕೈಯಿಂದ ಹೊರಟ ಸುದ್ದಿ ಮಣಿಕಟ್ಟಿನವರೆಗೆ ಓಡೋಡಿ ಬಂತು. ಮಣಿಕಟ್ಟು ದಾಟುವಾಗ ತೆವಳಿತು. ನರ ಅಲ್ಲಿ ಒತ್ತಿಕೊಂಡಿದೆ, ಅದರ ಹೊದಿಕೆ ಹಾಳಾಗುತ್ತಿದೆ, ಸಣ್ಣದೊಂದು ಆಪರೇಷನ್ ಬೇಕು ಎಂದರು ಡಾಕ್ಟರು. ತಡಮಾಡಿದರೆ ಹೆಬ್ಬೆರಳಿನ ಬಲ ಹೋಗುತ್ತದೆ, ಹೋದದ್ದು ಮರಳುವ ಭರವಸೆ ಇಲ್ಲ ಎಂದೂ ಹೇಳಿದರು. ಹೆಬ್ಬೆರಳಿಲ್ಲದೆ ದರ್ಜಿ ಕತ್ತರಿ ಹಿಡಿಯುವುದಾದರೂ ಹೇಗೆ?

ಅಣ್ಣ ಆಪರೇಷನ್ ಬೇಡ ಎಂದುಬಿಟ್ಟ. ಯಾಕೆ ಎಂದರೆ ಬಾಯಿ ಬಿಡಲೊಲ್ಲ. ಅತ್ತಿಗೆ ಬೇಡಿಕೊಂಡಳು, ಬೈದಳು, ಎರಡು ದಿನ ಮಾತು ಬಿಟ್ಟು ನೋಡಿದಳು. ನಾನು ಪುಕ್ಕಲ ಎಂದು ಹಂಗಿಸಿದೆ. ಎಲ್ಲವೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಅಷ್ಟರಲ್ಲಿ ದಪ್ಪ ಬಟ್ಟೆ ಕತ್ತರಿಸಲು ಅವನು ಎರಡೂ ಕೈ ಹಾಕತೊಡಗಿದ್ದ. ನಮಗೆ ನಿಜಕ್ಕೂ ಭಯವಾಯಿತು.

ಒಂದು ಮಧ್ಯಾಹ್ನ ಅಂಗಡಿಯ ಮೇಜಿನ ಮುಂದೆ ಒಬ್ಬನೇ ಕೂತು ಸೀಮೆಸುಣ್ಣದಿಂದ ತನ್ನ ಮಣಿಕಟ್ಟಿನ ಮೇಲೆ ಗೆರೆ ಎಳೆದುಕೊಳ್ಳುತ್ತಿದ್ದ. ಅತ್ತಿಗೆ ಹತ್ತಿರ ಹೋದಳು, ನಾನು ಅವಳ ಬೆನ್ನಿಗೆ. ಚರ್ಮದಡಿ ನೀಲಿಯಾಗಿ ಕಾಣುವ ರಕ್ತನಾಳದ ಮೇಲೆಯೇ ಗೆರೆ ನೆಟ್ಟಗೆ ಹೋಗಿತ್ತು.

"ಏನ್ರೀ ಇದು?"

"ಡಾಕ್ಟ್ರು ಕತ್ತರಿಸೋ ನರ ಇದೇ ಅಲ್ವಾ? ಇದನ್ನ ಕತ್ತರಿಸಿದ್ರೆ ಮೈಯಲ್ಲಿರೋ ರಕ್ತ ಎಲ್ಲಾ ಹೋಗುತ್ತೆ ಕಣೇ. ಹೇಳಿದ್ರೆ ನಗ್ತೀಯ ಅಂತ ಸುಮ್ನಿದ್ದೆ."

ನಾನು ನಕ್ಕೇಬಿಟ್ಟೆ. ಅತ್ತಿಗೆ ನಗಲಿಲ್ಲ. ಯೋಚಿಸಿದರೆ ಅಣ್ಣನ ತಪ್ಪೇನು? ಮುದುಕರ ಕೈಮೇಲೆ ಉಬ್ಬಿರುವುದೂ ನಮಗೆ ನರವೇ, ಕುತ್ತಿಗೆ ಹಿಡಿದುಕೊಂಡರೂ ನರವೇ, ಇಂಜೆಕ್ಷನ್ ಕೊಡಲು ನರ್ಸು ಹುಡುಕುವುದೂ ನರವನ್ನೇ. ರಕ್ತ ಹರಿಯುವುದಕ್ಕೂ ಸುದ್ದಿ ಹರಿಯುವುದಕ್ಕೂ ನಮ್ಮ ಬಾಯಲ್ಲಿ ಒಂದೇ ಹೆಸರು. ಅವಳು ಪ್ರತಿ ಸಂಜೆ ಒಂದನ್ನು ಹೇಳುತ್ತಿದ್ದಳು, ಅವನು ಇನ್ನೊಂದನ್ನು ಕೇಳಿಸಿಕೊಳ್ಳುತ್ತಿದ್ದ. ನಿಜ ಹೇಳಬೇಕೆಂದರೆ ನಾನೂ ಅರ್ಧ ಹಾಗೇ ತಿಳಿದಿದ್ದೆ.

ಅತ್ತಿಗೆ ಮೇಜಿನ ಮೇಲಿದ್ದ ಪೈಜಾಮವೊಂದನ್ನು ಎಳೆದುಕೊಂಡಳು. ಸೊಂಟದ ಮಡಿಕೆಯನ್ನು ಬಿಗಿಯಾಗಿ ಹಿಡಿದು ಲಾಡಿ ಎಳೆದು ತೋರಿಸಿದಳು. ಲಾಡಿ ಅಲುಗಲಿಲ್ಲ.

"ಮಡಿಕೆ ಬಿಗಿಯಾಗಿ ಲಾಡಿ ಸಿಕ್ಕಿಹಾಕ್ಕೊಂಡಿದೆ. ನೀವೇನ್ಮಾಡ್ತೀರಿ, ಲಾಡಿ ಕತ್ತರಿಸ್ತೀರಾ?"

ಅಣ್ಣ ಅವಳನ್ನು ದಡ್ಡಿಯನ್ನು ನೋಡುವಂತೆ ನೋಡಿದ. "ಮಡಿಕೆ ಬಿಚ್ತೀನಿ."

"ಡಾಕ್ಟ್ರು ಮಾಡೋದೂ ಅಷ್ಟೇ. ನರದ ಮೇಲೆ ಒಂದು ಗಟ್ಟಿ ಪಟ್ಟಿ ಇದೆ, ಅದನ್ನ ಬಿಡಿಸ್ತಾರೆ. ನರ ಹಾಗೇ ಇರುತ್ತೆ. ಈ ನೀಲಿ ಗೆರೆ ರಕ್ತದ ದಾರಿ, ಅದೇ ಬೇರೆ."

ಅಣ್ಣ ಮಡಿಕೆ ಸಡಿಲಿಸಿ ಲಾಡಿಯನ್ನು ತಾನೇ ಎಳೆದು ನೋಡಿದ. ಆಮೇಲೆ, ಇದನ್ನು ಮೊದಲೇ ಹೇಳಲು ಏನಾಗಿತ್ತು ಎಂದು ಕೇಳಿದ. ಅತ್ತಿಗೆ ಅವನ ಕಡೆ ಒಂದು ನೋಟ ಬೀರಿದಳು. ಆ ಶಾಕಿಗೆ ಯಂತ್ರವೇ ಬೇಡ.

ಆಪರೇಷನ್ ಸಲೀಸಾಗಿ ಮುಗಿಯಿತು. ಆದರೆ ಗಾಯ ಮಾಗಿದ ಮೇಲೂ ಬೆರಳಿನ ಜೋಮು ಇಳಿಯಲಿಲ್ಲ. ಹೊದಿಕೆ ಮತ್ತೆ ಬೆಳೆಯಲು ಸಮಯ ಬೇಕು ಎಂದು ಅತ್ತಿಗೆ ನಮಗೆಲ್ಲ ಧೈರ್ಯ ಹೇಳಿದಳು. ತಾನು ಮಾತ್ರ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು, ತಡಮಾಡಿಬಿಟ್ಟೆವೇನೋ ಎಂದು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮತ್ತೊಂದಿಷ್ಟು ವಾರ ಕಳೆದ ಮೇಲೆ, ಒಂದು ಸಂಜೆ, ಅವಳು ಕೆಲಸದಿಂದ ಬಂದು ಅಣ್ಣನಿಗೆ ನೀರಿನ ಲೋಟ ಕೊಟ್ಟಳು. ಲೋಟ ತೆಗೆದುಕೊಳ್ಳಲು ಹೋದವನು ಅವಳ ಕೈಯನ್ನೇ ಹಿಡಿದು ನಿಂತ. ಹೆಬ್ಬೆರಳಿನಿಂದ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಸವರಿದ.

"ನಿನ್ನ ಕೈ ಯಾವಾಗಿಂದ ಇಷ್ಟು ಒರಟಾಯ್ತೇ?"

ದಿನವಿಡೀ ರೋಗಿಗಳ ಚರ್ಮವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಅವಳ ಬೆರಳುಗಳು ಎಂದೋ ಒಡೆದಿದ್ದವು. ಅವನ ಹೆಬ್ಬೆರಳಿಗೆ ಅದು ಇವತ್ತು ತಿಳಿಯಿತು.

"ಇನ್ನೊಂದ್ಸಲ ಹೇಳಿ" ಎಂದಳು ಅತ್ತಿಗೆ.

"ಒರಟು ಅಂದೆ. ಒಳ್ಳೆ ಗೋಣಿಚೀಲದ ಥರ ಇದೆ."

ಅವಳ ಕಣ್ಣಿಂದ ಬಳಬಳನೆ ನೀರು ಇಳಿಯಿತು, ಜೊತೆಗೇ ನಗುವೂ ಬಂತು. ಗಂಡನ ಬಾಯಿಂದ ಇಂಥ ಮಾತು ಕೇಳಿ ಅಷ್ಟು ಸಂತೋಷಪಟ್ಟ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.