ಹಲಸಿನ ಮರದಡಿಯ ಫೋಟೊ

ಆ ಫೋಟೊದಲ್ಲಿ ಭಾಗ್ಯತ್ತಿಗೆಯ ಹಿಂದೆ ಕಾಣುತ್ತಿದ್ದುದು ಸತ್ತ ನನ್ನಣ್ಣ ಮರಳಿ ಬಂದ ಗುರುತಲ್ಲ. ಅದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ—ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ.

ಮಾಗಡಿ ಕಡೆಯ ತಿಪ್ಪಸಂದ್ರದ ಹತ್ತಿರದ ನಮ್ಮೂರಿಂದ ಅಣ್ಣ ಬಿಡದಿಗೆ ಕಾರ್ಖಾನೆ ಕೆಲಸಕ್ಕೆ ಹೋಗುತ್ತಿದ್ದ. ಜೊತೆಯವನೊಬ್ಬನಿಂದ ಹಳೆಯ ಕ್ಯಾಮೆರಾ ಕೊಂಡು ತಂದಿದ್ದ. ಕಪ್ಪು ಪ್ಲಾಸ್ಟಿಕ್ಕಿನದು, ರೀಲನ್ನು ಕೈಯಲ್ಲೇ ತಿರುಗಿಸಬೇಕು, ಗುಂಡಿ ಒತ್ತಿದರೆ ಮುಗಿಯಿತು. ಅದನ್ನು ಹಿಡಿದುಕೊಂಡು ನಾವೆಲ್ಲ ಸಾವನದುರ್ಗಕ್ಕೆ ಹೋಗಿದ್ದೆವು. ಬಂಡೆಯ ಮುಂದೆ ನಿಲ್ಲಿಸಿದಾಗ ಅಣ್ಣ ಅಂಗೈ ಅಡ್ಡ ಹಿಡಿದು, “ಬ್ಯಾಡ ಕಣೇ, ಕಣ್ಗೆ ಬಿಸ್ಲು ಹೊಡಿತೈತೆ,” ಅಂದ. ಅಷ್ಟರಲ್ಲಿ ಗುಂಡಿ ಒತ್ತಿಬಿಟ್ಟಿದ್ದೆ. ಆ ರೀಲು ತೊಳೆಸುವ ಮೊದಲೇ ಲಾರಿಯೊಂದು ಅವನ ಬೈಕಿಗೆ ಗುದ್ದಿತು.

ಎರಡು ವರ್ಷದ ಮೇಲೆ ಅತ್ತಿಗೆಯ ತವರಿನವರು ಚನ್ನಪಟ್ಟಣದಲ್ಲಿ ಒಂದು ಸಂಬಂಧ ನೋಡಿದರು. ಬೊಂಬೆ ಕೆಲಸದವನು, ಹೆಂಡತಿ ತೀರಿಕೊಂಡಿದ್ದಳು. ಅಣ್ಣನ ಮಗಳು ಪುಟ್ಟಿಯನ್ನೂ ಕರೆದುಕೊಂಡು ಬರಲಿ ಎಂದಿದ್ದ. ಅತ್ತಿಗೆ ಒಪ್ಪಿದ್ದರು. ಅವನಿಗೆ ಕಳಿಸಲು ಫೋಟೊ ಬೇಕಿತ್ತು. ಪೆಟ್ಟಿಗೆಯಲ್ಲಿ ಒಂದು ರೀಲು ಸಿಕ್ಕಿತು. ರೀಲು ಮುಗಿದಿದ್ದರೆ ಅದರ ತುದಿ ಡಬ್ಬಿಯೊಳಗೆ ಸುತ್ತಿಕೊಂಡಿರುತ್ತದೆ. ಅಣ್ಣ ಪೂರ್ತಿ ಸುತ್ತದೆ ತೆಗೆದಿಟ್ಟಿದ್ದನೇನೋ—ತುದಿ ಹೊರಗೇ ಇತ್ತು. ಹೊಸದೆಂದುಕೊಂಡು ಹಾಕಿದೆ. ಮನೆ ಮುಂದಿನ ಹಲಸಿನ ಮರದ ನೆರಳಲ್ಲಿ ಅತ್ತಿಗೆಯನ್ನು ನಿಲ್ಲಿಸಿ ರೀಲು ಮುಗಿಯುವ ತನಕ ತೆಗೆದೆ.

ಮಾಗಡಿಯ ಸ್ಟುಡಿಯೊದವನು ಕವರು ಕೊಡುತ್ತಾ, “ಒಂದೇ ರೀಲು ಎಲ್ಡು ಸಲ ಓಡೈತೆ ಕಣಮ್ಮ. ಬಾಕಿ ಎಲ್ಲಾ ಒಂದ್ರ ಮೇಲೊಂದು ಕಲಸೋಗವೆ. ಇದೊಂದೇ ನೋಡಂಗಿರಾದು,” ಅಂದ.

ನೋಡಿದೆ. ಅತ್ತಿಗೆಯ ಹೆಗಲ ಹಿಂದೆ, ಮರದ ಕತ್ತಲಲ್ಲಿ, ಅಣ್ಣ. ಅಂಗಿಯೊಳಗಿಂದ ತೊಗಟೆ ಕಾಣುತ್ತಿತ್ತು. ಅಂಗೈ ಅಡ್ಡ ಹಿಡಿದಿದ್ದ.

ಬಸ್ಸಿನಲ್ಲಿ ಬರುವಾಗ ನಿಜ ಹೇಳಬೇಕೆಂದೇ ಇದ್ದೆ. ಆದರೆ—ನಾನು ಗಂಡನ ಮನೆ ಬಿಟ್ಟು ಬಂದವಳು, ಮಕ್ಕಳಿಲ್ಲದವಳು. ಪುಟ್ಟಿ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು.

ಫೋಟೊ ನೋಡಿ ಅವ್ವ ಆ ಅಂಗೈ ಮೇಲೆ ಬೆರಳಿಟ್ಟಳು. “ಬ್ಯಾಡ ಅಂತಾವ್ನೆ ಕಣವ್ವ ಭಾಗ್ಯ... ಹೋಗ್ಬ್ಯಾಡ ಅಂತಾವ್ನೆ ನನ್ ಮಗ.”

ಅತ್ತಿಗೆ ನನ್ನ ಕಡೆ ತಿರುಗಿದರು. “ನೀನೇ ತಗ್ದಿದ್ದಲ್ವಾ. ಅಲ್ಲಿ ಯಾರಾರ ನಿಂತಿದ್ರಾ?”

“ಯಾರೂ ಇರ್ಲಿಲ್ಲ ಅತ್ಗೆ,” ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆಮೇಲೆ ಒಳಗೆ ಹೋಗಿ ನೆಗೆಟಿವನ್ನು ಒಲೆಗೆ ಹಾಕಿದೆ.

ಸಂಬಂಧ ಮುರಿಯಿತು. ಅತ್ತಿಗೆ ಸಂಜೆ ಹೊತ್ತು ಮರದ ಕಡೆ ತಿರುಗಿ ಮೆಲ್ಲಗೆ ಮಾತಾಡತೊಡಗಿದರು—ರಾಗಿ ಮಿಷನ್ನಿಗೆ ಹಾಕಿಸಿದ್ದು, ಪುಟ್ಟಿಯ ಕೆಮ್ಮು. ನಡುನಡುವೆ ನಿಲ್ಲಿಸಿ, ಉತ್ತರ ಕೇಳಿಸಿಕೊಂಡವರಂತೆ ತಲೆಯಾಡಿಸುವರು. ಮರದ ಬುಡದಲ್ಲಿ, ಫೋಟೊದಲ್ಲಿ ಅಣ್ಣ ಕಂಡಿದ್ದ ಜಾಗವನ್ನು ಯಾರೂ ತುಳಿಯುತ್ತಿರಲಿಲ್ಲ. ಪುಟ್ಟಿ ಆಡುವಾಗಲೂ ಸುತ್ತಿಕೊಂಡು ಓಡುವಳು. ಹೇಳಲು ನಾಚಿಕೆ—ಎಲ್ಲ ಗೊತ್ತಿದ್ದ ನಾನೂ ಸುತ್ತಿಕೊಂಡೇ ಹೋಗುತ್ತಿದ್ದೆ. ಒಮ್ಮೆ ಕಸ ಗುಡಿಸುವಾಗ ಮರೆತು ಅಲ್ಲಿ ಕಾಲಿಟ್ಟೆ. ಹಾಡುಹಗಲು. ಬೆನ್ನ ಹಿಂದೆ ಯಾರೋ ಸರಿದು ಜಾಗ ಬಿಟ್ಟಂತಾಯಿತು. ಪೊರಕೆ ಅಲ್ಲೇ ಬಿಟ್ಟು ಒಳಗೆ ಓಡಿದೆ.

ವರ್ಷಗಳು ಕಳೆದವು, ಅವ್ವ ಹೋದಳು. ಕಾರ್ಖಾನೆಗಳು ನಮ್ಮ ಕಡೆಗೂ ಬಂದವು. ಹೊಲದ ಜೊತೆ ಮನೆಯೂ ಹೋಗುವುದೆಂದಾಯಿತು. ಊರವರೆಲ್ಲ ಸಾಮಾನು ಕಟ್ಟಿದರೂ ಅತ್ತಿಗೆ ಮಾತ್ರ ಏಳಲಿಲ್ಲ. “ಅವ್ರನ್ನ ಒಬ್ರನ್ನೇ ಬುಟ್ಬುಟ್ಟು ಎಂಗ್ ಬರ್ಲಿ?” ಅಂದರು. ಆಗ ಹೇಳಿದೆ. ರೀಲು, ಸಾವನದುರ್ಗ, ಒಲೆ—ಎಲ್ಲ.

ಅವರು ಅಳಲಿಲ್ಲ, ಬೈಯಲಿಲ್ಲ. ಮರದ ಕಡೆ ತಿರುಗಿ, “ಹಂಗಾರೆ ಇಷ್ಟ್ ವರ್ಸ ನಂಗೆ ಉತ್ರ ಕೊಡ್ತಿದ್ದೋರು ಯಾರು?” ಅಂದರು.

ಮರುದಿನ ಪುಟ್ಟಿಯನ್ನು ಕರೆದುಕೊಂಡು ತವರಿಗೆ ಹೋದರು.

ಅವರಿಗೆ ಸಿಗಬಹುದಾಗಿದ್ದ ಸಂಸಾರವನ್ನು ತಪ್ಪಿಸಿದವಳು ನಾನು. ಆಮೇಲೆ ನಿಜ ಹೇಳಿ, ಅವರಿಗಿದ್ದ ಜೊತೆಯನ್ನೂ... ಈಗ ಮಾಗಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಹಿಂದಿನ ತಿಂಗಳು ಅವರ ಬಾಗಿಲ ತನಕ ಹೋಗಿದ್ದೆ. ಪುಟ್ಟಿ ಹೊರಗೆ ಬಂದು, “ಅವ್ವ ಮಾತಾಡಕಿಲ್ವಂತೆ ಅತ್ತೆ,” ಎಂದು ತಲೆ ತಗ್ಗಿಸಿದಳು. ಮತ್ತೆ ಹೋಗುತ್ತೇನೆ. ಅವರು ಮಾತಾಡಲೇಬೇಕೆಂದೇನೂ ಇಲ್ಲ.